ಬೆಳಗಿನ ಪಾಳಿಯ ಸಕ್ಕರೆ

ಕಳೆದ ವಾರ ಹಾರ್ಲೆಮ್‌ನಲ್ಲಿ ಗೆಳತಿಯೊಬ್ಬಳ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಬಸ್ಸಿಳಿದು ಅವಳ ಮನೆಯತ್ತ ನಡೆಯುತ್ತಿದ್ದಾಗ ಯಾವುದೋ ಫ್ಲಾಟಿನ ತೆರೆದ ಕಿಟಕಿಯಿಂದ ಬಾಳೆಕಾಯಿ ಎಣ್ಣೆಯಲ್ಲಿ ಬೇಯುವ ವಾಸನೆ ಬಂತು. ಉಡುಪಿಯವಳಾದ ನನಗೆ ಆ ವಾಸನೆಗೆ ನೆನಪಾಗಬೇಕಾದದ್ದು ಊರಿನ ಚಿಪ್ಸ್ ಅಂಗಡಿ, ಅದರ ಮುಂದಿನ ತೆಂಗಿನೆಣ್ಣೆಯ ದೊಡ್ಡ ಬಾಣಲೆ. ನೆನಪಾದದ್ದು ಆಲ್ಟಾಗ್ರಾಸಿಯಾ. ಅವಳ ಜೊತೆಗೆ ಆ ಚಳಿಗಾಲದ ಸಿಟ್ಟೂ ಹಾಗೆಯೇ ಎದ್ದು ಬಂತು. ಎರಡು ವರ್ಷ ಕಳೆದಿದೆ, ಆರಿರಬಹುದು ಅಂದುಕೊಂಡಿದ್ದೆ. ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ಸೈಕಲ್ ದಾರಿಯಲ್ಲೇ ನಿಂತುಬಿಟ್ಟಿದ್ದೆ. ಹಿಂದಿನಿಂದ ಬಂದವನೊಬ್ಬ ಬೆಲ್ ಬಾರಿಸಿ, ಬೈದುಕೊಂಡು ಹೋದ.

ನಾನು ಓದಿದ್ದು ಆಹಾರಶಾಸ್ತ್ರ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳಿಕೊಡುವ ಕೆಲಸ ಮಾಡಿದವಳು. ಮದುವೆಯಾದ ಮೇಲೆ ಗಂಡ ಪ್ರಶಾಂತನ ಪ್ರಾಜೆಕ್ಟಿನ ಹಿಂದೆ ಮ್ಯಾಡ್ರಿಡ್‌ಗೆ ಹೋದೆವು. ಅಲ್ಲಿದ್ದಷ್ಟು ವರ್ಷ ತರಕಾರಿ ಮಾರ್ಕೆಟ್ಟಿನಲ್ಲಿ, ಮಗಳನ್ನು ಆಡಿಸುವ ಪಾರ್ಕಿನಲ್ಲಿ ಸ್ಪ್ಯಾನಿಷ್ ಕಲಿತೆ. ಅಲ್ಲಿಂದ ಡಚ್ಚರ ದೇಶಕ್ಕೆ, ಆಮ್ಸ್ಟೆಲ್‌ವೀನ್‌ಗೆ ಬಂದಾಗ ನನ್ನ ಡಿಗ್ರಿಯನ್ನು ಇಲ್ಲಿಯವರು ತಮ್ಮ ಡಿಗ್ರಿಯ ಪಕ್ಕದಲ್ಲಿಟ್ಟು ಅಳೆಯತೊಡಗಿದರು, ಅಳೆಯುತ್ತಲೇ ಇದ್ದರು. ಆ ನಡುವೆ ಹಾರ್ಲೆಮ್‌ನ ಎತ್ತರದ ಫ್ಲಾಟುಗಳ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಕೆಲಸ ಸಿಕ್ಕಿತು. ಅವರಿಗೆ ಬೇಕಿದ್ದದ್ದು ಸ್ಪ್ಯಾನಿಷ್ ಬರುವ, ಆಹಾರದ ವಿಷಯ ಗೊತ್ತಿರುವ ಒಬ್ಬಳು. ಒಂಬತ್ತು ತಿಂಗಳ ಯೋಜನೆ. ಹುದ್ದೆಯ ಹೆಸರು ಜೀವನಶೈಲಿ ಸಹಾಯಕಿ.

ಆ ಬಡಾವಣೆಯಲ್ಲಿ ಡೊಮಿನಿಕನ್ ರಿಪಬ್ಲಿಕ್, ಕೊಲಂಬಿಯಾ, ಬೊಲಿವಿಯಾ ಕಡೆಯಿಂದ ಬಂದ ಕುಟುಂಬಗಳು ಬಹಳ. ಆಫೀಸುಗಳನ್ನು ಗುಡಿಸಿ ಒರೆಸುವವರು, ಹೋಟೆಲ್ ರೂಮಿನ ಹಾಸಿಗೆ ಬದಲಿಸುವವರು, ಮುದುಕರನ್ನು ನೋಡಿಕೊಳ್ಳುವವರು. ಸಕ್ಕರೆ ಕಾಯಿಲೆ ಇಲ್ಲದ ಮನೆ ಕಡಿಮೆ. ಅವರು ತಮ್ಮ ಕಾಯಿಲೆಯನ್ನು ತಾವೇ ಸಂಭಾಳಿಸಲು ಕಲಿಯಬೇಕು ಎಂಬುದು ಯೋಜನೆಯ ಉದ್ದೇಶ. ಇಲ್ಲಿ ಅದಕ್ಕೊಂದು ಚಂದದ ಡಚ್ ಮಾತಿದೆ, ‘ಐಖನ್ ರೆಝೀ’. ನಿಮ್ಮ ಬದುಕಿನ ನಿರ್ದೇಶಕರು ನೀವೇ ಎಂದು ಅರ್ಥ. ಭವನದ ಗೋಡೆಯ ಮೇಲೆ ಆ ಮಾತನ್ನು ಹಸಿರು ಬಣ್ಣದಲ್ಲಿ ಬರೆಸಿದ್ದರು.

ಅಕ್ಟೋಬರಿನ ಮೊದಲ ಬುಧವಾರ ಎಂಟು ಜನ ಬಂದರು. ಮಳೆಗೆ ನೆಂದ ಕೋಟುಗಳನ್ನು ಹೀಟರಿನ ಮೇಲೆ ಹರವಿ, ಕಾಫಿ ಹಿಡಿದು ಕೂತರು. ಯೋಜನೆಯ ಮುಖ್ಯಸ್ಥ ವಿಮ್ ಕೊಟ್ಟಿದ್ದ ಬಣ್ಣದ ಚಿತ್ರಗಳನ್ನು ನಾನು ಮೇಜಿನ ಮೇಲೆ ಹರಡಿದೆ. ಕಂದು ಬ್ರೆಡ್ಡು, ತೆಳ್ಳಗಿನ ಒಂದು ಹೋಳು ಚೀಸು, ಬೇಯಿಸಿದ ಆಲೂಗಡ್ಡೆ, ಮೊಸರಿನಂಥ ಕ್ವಾರ್ಕ್. ಎಲ್ಲರೂ ಮರ್ಯಾದೆಯಿಂದ ನೋಡಿದರು. ಕೊನೆಗೆ ಬಾಗಿಲ ಪಕ್ಕ ಕೂತಿದ್ದ, ಕೂದಲಿಗೆ ನೀಲಿ ಬಟ್ಟೆ ಕಟ್ಟಿದ್ದ ದಪ್ಪನೆಯ ಹೆಂಗಸು ಬಾಯಿ ತೆರೆದಳು.

“ಮಗಳೇ, ಇದರಲ್ಲಿ ಊಟ ಯಾವುದು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೇ ಆಲ್ಟಾಗ್ರಾಸಿಯಾ. ಅರವತ್ತರ ಹತ್ತಿರದ ಡೊಮಿನಿಕನ್ ಹೆಂಗಸು. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಆಫೀಸು ಶುಚಿ ಮಾಡುತ್ತಿದ್ದಳು. ಬೆಳಿಗ್ಗೆ ಮಂಗೂ ತಿನ್ನುವವಳು, ಅಂದರೆ ಬೇಯಿಸಿ ಕಿವುಚಿದ ಬಾಳೆಕಾಯಿ, ಮೇಲೆ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ. ನಮ್ಮೂರಲ್ಲೂ ಬಾಳೆಕಾಯಿ ಬೇಯಿಸಿ ಪಲ್ಯ ಮಾಡುತ್ತೇವೆ ಎಂದೆ. ಅವಳು ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತಳು.

ಮುಂದಿನ ವಾರದಿಂದ ಚಿತ್ರಗಳನ್ನು ಬೀರುವಿಗೆ ಹಾಕಿ ಅಡುಗೆಮನೆಗೆ ಹೋದೆವು. ಬಾಳೆಕಾಯಿಯನ್ನು ಬಿಡಬೇಕಿಲ್ಲ, ಅನ್ನ ಮತ್ತು ಬೀನ್ಸ್ ಕಾಳನ್ನು ಬಿಡಬೇಕಿಲ್ಲ. ಕಾಳು ಹೆಚ್ಚು ಮಾಡಿ ಅನ್ನ ಕಡಿಮೆ ಮಾಡೋಣ, ಎಲೆಕೋಸು ಮೊದಲು ತಿನ್ನೋಣ ಎಂದೆ. ವಾದ ಮಾಡಿದರು, ಜಗಳ ಆಡಿದರು, ಮನೆಯಲ್ಲಿ ಮಾಡಿ ನೋಡಿ ಬಂದು ಹೇಳಿದರು. ನವೆಂಬರಿನ ಹೊತ್ತಿಗೆ ನಾಲ್ಕೈದು ಜನರ ಸಕ್ಕರೆ ಇಳಿಯತೊಡಗಿತ್ತು. ಆಲ್ಟಾಗ್ರಾಸಿಯಾಳದ್ದು ಇಳಿಯಲಿಲ್ಲ.

ಅವಳು ಹೌಸ್‌ಆರ್ಟ್ಸ್ ಹತ್ತಿರ, ಅಂದರೆ ಬಡಾವಣೆಯ ಕುಟುಂಬ ವೈದ್ಯರ ಕ್ಲಿನಿಕ್ಕಿಗೆ, ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಅಲ್ಲಿ ಸಕ್ಕರೆಯವರನ್ನು ನೋಡುವುದು ಮಾರೈಕೆ ಎಂಬ ನರ್ಸ್. ಮಗಳು ಯೋಕಾಸ್ತಾ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿ, ತಾಯಿಯ ಮಾತನ್ನು ಡಚ್ಚಿಗೆ ಹೇಳುತ್ತಿದ್ದಳು. ಪ್ರತಿ ಸಲವೂ ರಕ್ತದಲ್ಲಿ ಸಕ್ಕರೆ ಜಾಸ್ತಿ. ಪ್ರತಿ ಸಲವೂ ರಾತ್ರಿಯ ಇನ್ಸುಲಿನ್ ಸ್ವಲ್ಪ ಏರುತ್ತಿತ್ತು. ರೋಗಿ ಸಹಕರಿಸುತ್ತಿಲ್ಲ ಎಂಬ ಅಭಿಪ್ರಾಯ ಕ್ಲಿನಿಕ್ಕಿನಿಂದ ನಮ್ಮ ವಿಮ್‌ವರೆಗೂ ಬಂದಿತ್ತು.

ನನಗೂ ಅವಳ ಮೇಲೆ ಅನುಮಾನ ಬಂದದ್ದು ನಿಜ. ಅಡುಗೆಮನೆಯಲ್ಲಿ ಎಲ್ಲರಿಗಿಂತ ಚುರುಕು, ಮನೆಗೆ ಹೋಗಿ ಕದ್ದು ಏನಾದರೂ ತಿನ್ನುತ್ತಾಳೋ ಏನೋ. ನೇರವಾಗಿ ಕೇಳಿದರೆ ಮಾತು ತಿರುಗಿಸುತ್ತಿದ್ದಳು. ಒಂದು ಬುಧವಾರ ಅವಳು ಬರಲೇ ಇಲ್ಲ. ಫೋನ್ ಮಾಡಿದರೆ, ತಲೆನೋವು ಎಂದಳು. ಮರುದಿನ ಬೆಳಿಗ್ಗೆ ಅವಳು ಕೆಲಸ ಮುಗಿಸಿ ಬರುವಾಗ ಆಫೀಸಿನ ಎದುರಿನ ಬಸ್ ನಿಲ್ದಾಣದಲ್ಲೇ ಸಿಗುತ್ತೇನೆ ಎಂದು ನಾನೇ ಹೋದೆ.

ಡಿಸೆಂಬರಿನ ಬೆಳಗು ಅಂದರೆ ಇಲ್ಲಿ ಕತ್ತಲು. ಬೀದಿದೀಪದ ಕೆಳಗೆ ಗಾಳಿಗೆ ಬೆನ್ನು ಮಾಡಿ ನಿಂತಿದ್ದೆ. ಬೆಳಕು ಹರಿಯುವ ಮೊದಲೇ ಗುಡಿಸಿ ಒರೆಸುವವರು ಇಡೀ ಕಟ್ಟಡವನ್ನು ಶುಚಿ ಮಾಡಿ ಮುಗಿಸಬೇಕು, ಆಮೇಲೆ ಆಫೀಸಿನವರು ಬರುತ್ತಾರೆ. ಗಾಜಿನ ಬಾಗಿಲಿನಿಂದ ಆಲ್ಟಾಗ್ರಾಸಿಯಾ ಹೊರಗೆ ಬಂದಳು. ಆ ಚಳಿಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿದಳು, ಆದರೆ ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ನಡುಗುತ್ತಿತ್ತು. ಬೆಂಚಿನ ಮೇಲೆ ಕೂರಿಸಿ, ನನ್ನ ಬ್ಯಾಗಿನಿಂದ ಸಕ್ಕರೆ ಅಳೆಯುವ ಮೀಟರು ತೆಗೆದು ಅವಳ ಬೆರಳು ಚುಚ್ಚಿದೆ. ಮೂರಕ್ಕಿಂತ ಚೂರು ಮೇಲೆ. ಊರಿನ ಲೆಕ್ಕದಲ್ಲಿ ಐವತ್ತೈದರ ಆಸುಪಾಸು. ಇನ್ನೂ ಇಳಿದರೆ ಅವಳು ಅಲ್ಲೇ ಬಿದ್ದುಹೋಗುತ್ತಿದ್ದಳು.

ಅವಳಿಗೆ ಅದು ಹೊಸದೇನಲ್ಲ. ಬ್ಯಾಗಿನಿಂದ ಸಿಹಿ ಮಾಲ್ಟ್ ಪಾನೀಯದ ದೊಡ್ಡ ಬಾಟಲಿ ತೆಗೆದು ಗಟಗಟನೆ ಕುಡಿದಳು. ಆಮೇಲೆ ಸಕ್ಕರೆ ಹಾಕಿದ ಬನ್ನು. ಅದಾದ ಮೇಲೆ ಇನ್ನೊಂದು.

“ಸಾಕು, ಸಾಕು, ಇಷ್ಟೊಂದು ಬೇಡ,” ಎಂದೆ.

“ನಿನಗೆ ಗೊತ್ತಿಲ್ಲ ಮಗಳೇ. ಆಗ ಹೊಟ್ಟೆ ಅಲ್ಲ, ಇಡೀ ಮೈ ಹಸಿಯುತ್ತದೆ. ಸಾಯುತ್ತೇನೆ ಅನ್ನಿಸುತ್ತದೆ. ಕೈಗೆ ಸಿಕ್ಕಿದ್ದನ್ನು ತಿನ್ನುತ್ತೇನೆ.”

“ಎಷ್ಟು ದಿನದಿಂದ ಹೀಗೆ?”

“ಇನ್ಸುಲಿನ್ ಜಾಸ್ತಿ ಮಾಡಿದಾಗಿನಿಂದ.”

ಆಗ ಎಲ್ಲವೂ ಅರ್ಥವಾಯಿತು. ರಾತ್ರಿ ಚುಚ್ಚಿಕೊಂಡ ಇನ್ಸುಲಿನ್ ಬೆಳಗಿನ ಜಾವ ಅವಳ ಸಕ್ಕರೆಯನ್ನು ನೆಲಕ್ಕೆ ಇಳಿಸುತ್ತಿತ್ತು. ಅವಳು ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲು ಹತ್ತಿ ಇಳಿದು ನೆಲ ಒರೆಸುತ್ತಿದ್ದಳು. ಹೊರಗೆ ಬಂದು ಜೀವ ಉಳಿಸಿಕೊಳ್ಳಲು ತಿಂದದ್ದು ಕ್ಲಿನಿಕ್ಕಿನ ಹೊತ್ತಿಗೆ ಸಕ್ಕರೆಯನ್ನು ಆಕಾಶಕ್ಕೆ ಏರಿಸುತ್ತಿತ್ತು. ಅವರು ಆಕಾಶವನ್ನು ಮಾತ್ರ ನೋಡಿ ಇನ್ಸುಲಿನ್ ಏರಿಸುತ್ತಿದ್ದರು. ಏರಿಸಿದಷ್ಟೂ ಮರುದಿನ ಇನ್ನೂ ಕೆಳಗೆ ಬೀಳುತ್ತಿದ್ದಳು.

“ಇದನ್ನು ನರ್ಸ್‌ಗೆ ಯಾಕೆ ಹೇಳಲಿಲ್ಲ?”

“ಹೇಳಬಾರದು. ನೀನೂ ಹೇಳಬಾರದು,” ಎಂದಳು. ಗೊತ್ತಿದ್ದ ಒಬ್ಬಳು ಕೆಲಸದಲ್ಲಿ ತಲೆಸುತ್ತು ಬಂತು ಎಂದು ಹೇಳಿದ್ದಕ್ಕೆ ಅವಳ ಪಾಳಿಗಳನ್ನು ಕಿತ್ತುಕೊಂಡರಂತೆ. ಆಲ್ಟಾಗ್ರಾಸಿಯಾಳದ್ದು ಆಗಾಗ ನವೀಕರಿಸುವ ತಾತ್ಕಾಲಿಕ ಒಪ್ಪಂದ. ಅದಕ್ಕೇ ಕ್ಲಿನಿಕ್ಕಿನಲ್ಲಿ ಯೋಕಾಸ್ತಾ ಎಲ್ಲ ಪ್ರಶ್ನೆಗೂ ತಾಯಿಯನ್ನು ಕೇಳದೆಯೇ “ಎಲ್ಲಾ ಸರಿ ಇದೆ, ಚೆನ್ನಾಗಿದ್ದಾರೆ” ಎಂದು ಉತ್ತರಿಸುತ್ತಿದ್ದಳು.

ಕ್ರಿಸ್‌ಮಸ್ ರಜೆಯುದ್ದಕ್ಕೂ ಅವಳ ಬೆನ್ನು ಬಿದ್ದೆ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿ, ಕೆಲಸಕ್ಕೆ ಹೋಗುವಾಗ ಗ್ಲೂಕೋಸ್ ಮಾತ್ರೆ ಜೇಬಿನಲ್ಲಿಡಿ ಎಂದೆ. ಕೆಲಸದ ಜಾಗದಲ್ಲಿ ಬ್ಯಾಗು, ಕೋಟು ಎಲ್ಲ ಲಾಕರಿನಲ್ಲಿಡಬೇಕು, ಯೂನಿಫಾರ್ಮಿಗೆ ಜೇಬಿಲ್ಲ ಎಂದಳು. ನಡುವೆ ಐದು ನಿಮಿಷ ಕೂತು ತಿನ್ನಿ ಎಂದರೆ, ಒಂದು ಮಹಡಿಗೆ ಕೊಡುವ ಹೊತ್ತಿನಲ್ಲಿ ಕೂರಲು ಆಗುವುದಿಲ್ಲ ಎಂದಳು. ನಾನು ಹೇಳಿದ ಪ್ರತಿಯೊಂದಕ್ಕೂ ಅವಳ ಬಳಿ ನಿಜವಾದ ಉತ್ತರವಿತ್ತು. ಯಾವಾಗ ಕೂರಬೇಕು, ಯಾವಾಗ ತಿನ್ನಬೇಕು ಎಂಬುದನ್ನೂ ಬೇರೆಯವರು ತೀರ್ಮಾನಿಸುವ ಹೆಂಗಸಿಗೆ ನಾನು ವಾರವಾರ ನಿರ್ದೇಶಕಿಯಾಗುವುದನ್ನು ಕಲಿಸುತ್ತಿದ್ದೆ.

ಜನವರಿಯಲ್ಲಿ ಇನ್ಸುಲಿನ್ ಮತ್ತೆ ಏರಿತು. ಆ ದಿನ ಭವನಕ್ಕೆ ಬಂದು ನನ್ನ ಎದುರು ಕೂತಳು. ಆಮೇಲೆ, “ಹೇಳು. ಏನಾದರೂ ಆಗಲಿ, ಹೇಳಿಬಿಡು,” ಎಂದಳು.

ಅಲ್ಲೇ, ಅವಳ ಎದುರೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಸಿಕ್ಕವಳು, ರೋಗಿಯ ಕುಟುಂಬದವರಲ್ಲದ ನನ್ನ ಜೊತೆ ಮಾತಾಡಲು ಬರುವುದಿಲ್ಲ ಎಂದಳು. ಆಲ್ಟಾಗ್ರಾಸಿಯಾ ಫೋನ್ ಇಸಿದುಕೊಂಡು ತನ್ನ ಅರೆಬರೆ ಡಚ್ಚಿನಲ್ಲಿ “ನಾನು ಬೀಳುವುದು. ಬೆಳಿಗ್ಗೆ. ಸಕ್ಕರೆ ಸಣ್ಣ,” ಎಂದಳು. ಆ ಕಡೆಯವಳಿಗೆ ಅರ್ಥವಾಗಲಿಲ್ಲ. ಡಚ್ ಬರುವವರ ಜೊತೆ ಬನ್ನಿ ಎಂದು ಸಮಯ ಕೊಟ್ಟಳು, ಮೂರು ವಾರ ಬಿಟ್ಟು. ಬೇಗ ಬೇಕು ಎಂದು ನಾನು ಕೂಗಿದರೆ, ಈಗ ಪ್ರಜ್ಞೆ ಇದೆಯಾ, ಮಾತಾಡುತ್ತಿದ್ದಾರಾ ಎಂದು ಕೇಳಿದಳು. ಇದೆ ಎಂದೆ. ಹಾಗಾದರೆ ತುರ್ತಲ್ಲ ಎಂದಳು. ಮೈಗೆ ಅಂಟಿಸುವ ಸೆನ್ಸರ್ ಒಂದನ್ನಾದರೂ ಕೊಡಬಹುದೇ, ಸಕ್ಕರೆ ಯಾವಾಗ ಇಳಿಯುತ್ತದೆ ನಿಮಗೇ ಕಾಣುತ್ತದೆ ಎಂದು ಕೇಳಿದೆ. ಅವರು ತೆಗೆದುಕೊಳ್ಳುವ ಚಿಕಿತ್ಸೆಗೆ ವಿಮೆಯಲ್ಲಿ ಅದು ಬರುವುದಿಲ್ಲ ಎಂದಳು.

ನಾನು ವಿಮ್ ಹತ್ತಿರ ಓಡಿದೆ. ನೀವು ಯೋಜನೆಯ ಮುಖ್ಯಸ್ಥರು, ಒಂದು ಮಾತು ಹೇಳಿದರೆ ಕೇಳುತ್ತಾರೆ ಎಂದೆ. ಅವನು ಒಳ್ಳೆಯ ಮನುಷ್ಯ. ನನಗೊಂದು ಕಾಫಿ ತಂದುಕೊಟ್ಟ.

“ವೀಣಾ, ನಮ್ಮ ಕೆಲಸ ಜನರಿಗೆ ಉತ್ಸಾಹ ತುಂಬುವುದು. ಚಿಕಿತ್ಸೆಯ ವಿಷಯಕ್ಕೆ ನಾವು ಕೈಹಾಕುವ ಹಾಗಿಲ್ಲ,” ಎಂದ.

“ಅವಳಿಗೆ ಬೇಕಾಗಿರುವುದು ಉತ್ಸಾಹ ಅಲ್ಲ ವಿಮ್.”

“ಗೊತ್ತು. ಆದರೂ.”

ಮನೆಗೆ ಬಂದರೆ ಪ್ರಶಾಂತ ಸೋಫಾದಲ್ಲಿ ಕೂತು ತೋಳು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಬಿಳಿಯ ಬಿಲ್ಲೆಯಂಥದ್ದೊಂದು ಅಂಟಿಕೊಂಡಿತ್ತು. ಆಫೀಸಿನ ವೆಲ್‌ನೆಸ್ ತಿಂಗಳಂತೆ. ಸಕ್ಕರೆ ಕಾಯಿಲೆಯ ಸುಳಿವೂ ಇಲ್ಲದ ಇಡೀ ಟೀಮಿಗೆ ಸೆನ್ಸರ್ ಹಂಚಿದ್ದರು.

“ನೋಡೇ, ಚಿತ್ರಾನ್ನ ತಿಂದಿದ್ದಕ್ಕೆ ಹೆಂಗೆ ಸ್ಪೈಕ್ ಆಗಿದೆ! ಸೂಪರ್ ಅಲ್ವಾ?” ಎಂದು ಮೊಬೈಲು ತೋರಿಸಿದ.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸಿಂಕಿಗೆ ಎಸೆದೆ. ಅವನು ಹಿಂದೆಯೇ ಬಂದ. ಎಲ್ಲ ಹೇಳಿದೆ.

“ಬಿಡೇ, ನೀನೊಬ್ಳೇ ಇಡೀ ಹೆಲ್ತ್ ಸಿಸ್ಟಮ್ ಸರಿ ಮಾಡಕ್ಕಾಗುತ್ತಾ?”

“ಇಡೀ ಸಿಸ್ಟಮ್ ಎಂತಕ್ಕೆ ಮಾರಾಯಾ? ಒಬ್ಬಳದ್ದು ಒಂದು ಡೋಸ್. ಅಷ್ಟೇ. ಅದೂ ಆಗ್ತಾ ಇಲ್ಲ.”

ಅವನು ತೋಳಿನ ಮೇಲೆ ಶರ್ಟು ಎಳೆದುಕೊಂಡ. ಆಮೇಲೆ ಮನೆಯಲ್ಲಿ ಅದರ ಮಾತು ಎತ್ತಲಿಲ್ಲ.

ಕ್ಲಿನಿಕ್ಕಿನವರು ಕೊಟ್ಟ ದಿನ ಬರುವ ಮೊದಲೇ ಆಲ್ಟಾಗ್ರಾಸಿಯಾ ಬಿದ್ದಳು. ಫೆಬ್ರವರಿಯ ಬಿರುಗಾಳಿಯ ಬೆಳಗು, ರೈಲುಗಳು ನಿಂತಿದ್ದವು. ಮಹಡಿಯಿಂದ ಮಹಡಿಗೆ ಬಕೆಟ್ಟು ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಉರುಳಿದಳು. ಮೊದಲು ನೋಡಿದ ಮೇಲ್ವಿಚಾರಕ, ಅವಳು ತೊದಲುವುದನ್ನು ಕೇಳಿ ಕುಡಿದಿದ್ದಾಳೆ ಎಂದುಕೊಂಡನಂತೆ. ಕುಡಿಯಲು ನೀರು ಕೊಟ್ಟು, ಗೋಡೆಗೆ ಒರಗಿಸಿ, ಅವಳ ಬದಲಿಗೆ ಇನ್ನೊಬ್ಬಳನ್ನು ಕರೆಯಲು ಫೋನ್ ಮಾಡುತ್ತ ನಿಂತನಂತೆ. ಜೊತೆಗೆ ಕೆಲಸ ಮಾಡುವ ಹೆಂಗಸೊಬ್ಬಳು ಓಡಿಬಂದು ಬಾಯಿಗೆ ಸಕ್ಕರೆ ಹಾಕಿ, ಆಂಬುಲೆನ್ಸ್ ಕರೆದಳು.

ಯೋಕಾಸ್ತಾಳ ಫೋನ್ ಬಂದು ಆಸ್ಪತ್ರೆಗೆ ಹೋದಾಗ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದರು. ಕೆನ್ನೆ ನೀಲಿಗಟ್ಟಿತ್ತು. ಯೋಕಾಸ್ತಾ ಕಾರಿಡಾರಿನಲ್ಲಿ ನಿಂತು ಅಳುತ್ತಿದ್ದಳು. “ನಾನೇ ಹೇಳ್ತಿದ್ದೆ, ಎಲ್ಲಾ ಸರಿ ಇದೆ ಅಂತ. ಪ್ರತಿ ಸಲವೂ ನಾನೇ,” ಎಂದಳು. ಅವಳ ಹೆಗಲು ಹಿಡಿದುಕೊಂಡು ನಿಂತೆ. ಸಿಟ್ಟು ಮಾಡಬೇಕಾದವರ ಸಾಲಿನಲ್ಲಿ ಅವಳು ಬಹಳ ಹಿಂದಿದ್ದಳು.

ಆಸ್ಪತ್ರೆಯ ತರುಣ ವೈದ್ಯೆ ಫೋನಿನಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಹಿಡಿದು, ಮಂಚದ ತುದಿಯಲ್ಲಿ ಕೂತು ಆಲ್ಟಾಗ್ರಾಸಿಯಾಳ ದಿನಚರಿಯನ್ನೆಲ್ಲ ಕೇಳಿದಳು. ಕಾಲು ಗಂಟೆ ಹಿಡಿಯಿತು. ರಾತ್ರಿಯ ಇನ್ಸುಲಿನ್ ಅರ್ಧಕ್ಕಿಂತ ಕಡಿಮೆ ಮಾಡಿದಳು, ಬೇರೆ ಬಗೆಯದ್ದನ್ನು ಕೊಟ್ಟಳು. ಅಷ್ಟೇ. ಅಕ್ಟೋಬರಿನಿಂದ ಆಗದೆ ಉಳಿದದ್ದು ಅಷ್ಟರಲ್ಲಿ ಮುಗಿಯಿತು. ನನಗೆ ಸಂತೋಷವಾಗಬೇಕಿತ್ತು. ಆಸ್ಪತ್ರೆಯ ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಕಂಬಕ್ಕೆ ಒದ್ದೆ. ಕಾಲು ವಾರಗಟ್ಟಲೆ ನೋಯುತ್ತಿತ್ತು.

ಮಾರ್ಚಿನಲ್ಲಿ ಅವಳ ಒಪ್ಪಂದದ ಅವಧಿ ಮುಗಿಯಿತು, ಹೊಸದು ಬರಲಿಲ್ಲ. ಕೆಲಸದಿಂದ ಯಾರೂ ತೆಗೆಯಲಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ಇತ್ತು. ಬುಧವಾರಗಳಲ್ಲಿ ಎಡಗೈಯಲ್ಲಿ ಈರುಳ್ಳಿ ಹೆಚ್ಚಲು ಹೋಗಿ, ಆಗದೆ, ಬೇರೆಯವರಿಗೆ ಹುಕುಂ ಮಾಡುತ್ತ ಕೂರುತ್ತಿದ್ದಳು. ಸಕ್ಕರೆ ಮಾತ್ರ ವಾರವಾರಕ್ಕೆ ಹದಕ್ಕೆ ಬರುತ್ತಿತ್ತು. ಬೆಳಿಗ್ಗೆ ಬೀಳುವುದು ನಿಂತ ಮೇಲೆ ಬನ್ನು, ಬಾಟಲಿಗಳ ಅಗತ್ಯ ಬೀಳಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಒರೆಸುವ ಬಟ್ಟೆ ಹಿಂಡಲು ಆಗುವುದಿಲ್ಲ ಎಂದು ಅವಳೇ ತೋರಿಸಿದಳು, ಗಾಳಿಯಲ್ಲಿ ಬಟ್ಟೆ ಹಿಂಡುವಂತೆ ಎರಡೂ ಕೈ ತಿರುಗಿಸಿ.

ಮೇ ತಿಂಗಳಲ್ಲಿ ವಿಮ್ ಎಲ್ಲರನ್ನೂ ಕರೆದು, ಯೋಜನೆ ಜೂನಿಗೆ ಮುಗಿಯುತ್ತದೆ, ಮುಂದುವರಿಯುವುದಿಲ್ಲ ಎಂದ. ತುಂಬ ಯಶಸ್ವಿಯಾಯಿತು ಎಂದೂ ಹೇಳಿದ. ಯಶಸ್ವಿಯಾದದ್ದನ್ನು ಯಾಕೆ ನಿಲ್ಲಿಸುತ್ತೀರಿ ಎಂದು ಕೊಲಂಬಿಯಾದ ಒಬ್ಬ ಹೆಂಗಸು ಕೇಳಿದಳು. ನಾನು ಡಚ್ಚಿಗೆ ತಿರುಗಿಸಿ ಹೇಳಿದೆ. ವಿಮ್, ಅದು ಒಳ್ಳೆಯ ಪ್ರಶ್ನೆ ಎಂದು ತಲೆದೂಗಿದ.

ನನ್ನ ಕೊನೆಯ ವಾರ ಆಲ್ಟಾಗ್ರಾಸಿಯಾ ಕ್ಲಿನಿಕ್ಕಿಗೆ ಹೋಗುವುದಿತ್ತು. ಈ ಸಲ ನೀನೇ ಬಾ ಎಂದಳು. ಯೋಕಾಸ್ತಾ ಕೂಡ, “ಪ್ಲೀಸ್, ನೀವು ಮಾತಾಡಿ, ನಾನು ಸುಮ್ಮನೆ ಕೂತಿರ್ತೀನಿ,” ಎಂದಳು. ರೋಗಿಯೇ ಕರೆದುಕೊಂಡು ಬಂದದ್ದರಿಂದ ನನ್ನನ್ನು ಯಾರೂ ತಡೆಯಲಿಲ್ಲ. ಹೀಗೆ ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಿಟಕಿಯ ಹೊರಗೆ ಬಿಸಿಲಿತ್ತು, ಮಕ್ಕಳು ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡುತ್ತಿದ್ದರು. ಮಾರೈಕೆ ನಾನು ಅಂದುಕೊಂಡಂಥವಳಲ್ಲ. ದಣಿದ ಕಣ್ಣಿನ, ಮೆದು ಮಾತಿನ ಹೆಂಗಸು. ಕಂಪ್ಯೂಟರಿನ ಮೇಲೆ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಅವಳ ಮುಖ ಅರಳಿತು.

“ಅದ್ಭುತ! ನೋಡಿದಿರಾ? ಈಗ ಅವರು ಸಹಕರಿಸುತ್ತಿದ್ದಾರೆ. ಅದನ್ನು ಅವರಿಗೆ ಹೇಳಿ. ನನಗೆ ತುಂಬಾ ಹೆಮ್ಮೆಯಾಗಿದೆ ಅಂತ ಹೇಳಿ.”



“ಏನಂದಳು?” ಎಂದು ಆಲ್ಟಾಗ್ರಾಸಿಯಾ ನನ್ನ ಮೊಣಕೈ ತಿವಿದಳು.

ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅವಳು ಮಾರೈಕೆಯ ಮುಖವನ್ನೇ ನೋಡಿದಳು. ಧ್ವನಿ ಏರಿಸಲಿಲ್ಲ.

“ಹೇಳು ಇವಳಿಗೆ. ನಾನು ಮೊದಲೂ ಸಹಕರಿಸುತ್ತಿದ್ದೆ. ಇವಳು ಎಷ್ಟು ಚುಚ್ಚಿಕೋ ಅಂದಳೋ ಅಷ್ಟನ್ನೂ ಚುಚ್ಚಿಕೊಂಡೆ. ಒಂದು ದಿನ ತಪ್ಪಿಸಿಲ್ಲ. ಅದಕ್ಕೇ ಬಿದ್ದೆ.”

“ಅಮ್ಮಾ, ಬೇಡ,” ಎಂದಳು ಯೋಕಾಸ್ತಾ.

“ಹೇಳು.”

ಹೇಳಿದೆ. ಒಂದು ಪದವನ್ನೂ ಮೆದು ಮಾಡಲಿಲ್ಲ. ಮಾರೈಕೆಯ ಕತ್ತಿನಿಂದ ಕೆಂಪು ಏರುತ್ತಾ ಕಿವಿಯವರೆಗೂ ಬಂತು. ಕಂಪ್ಯೂಟರಿನ ಕಡೆಗಿದ್ದ ಕುರ್ಚಿಯನ್ನು ಪೂರ್ತಿ ನಮ್ಮ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ನನ್ನನ್ನಲ್ಲ, ಆಲ್ಟಾಗ್ರಾಸಿಯಾಳನ್ನು ನೋಡಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು.

“ನಿಮ್ಮ ಕೆಲಸ ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗುತ್ತದೆ?”

ಆ ಡಚ್ಚು ಆಲ್ಟಾಗ್ರಾಸಿಯಾಳಿಗೂ ಅರ್ಥವಾಯಿತು. ಆದರೂ ನನ್ನ ಕಡೆ ತಿರುಗಿದಳು. ಸೊಟ್ಟಗಾದ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದಳು.

“ಈಗ ಶುರುವಾಗುವುದಿಲ್ಲ ಅಂತ ಹೇಳು,” ಎಂದಳು.